ವೆಬ್ ಡಿಸೈನ್, ಡೇಟಾಬೇಸ್: ಹೊಸಬರು ಎಲ್ಲಿಂದ ಆರಂಭಿಸಬೇಕು?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ವೆಬ್ ಡಿಸೈನ್ ಮತ್ತು ಡೇಟಾಬೇಸ್ ಕೋರ್ಸಿಗೆ ನೆರವು ಕೇಳಿ ಬರುವ ಅರ್ಜಿಗಳು ಹೆಚ್ಚಾಗಿವೆ, ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಟ್ರಸ್ಟಿನವರು ಕೇಳಿಕೊಂಡರು. ನನ್ನ ಉದ್ಯೋಗವೂ ಅದೇ. ಮೊದಲು ಪೋಷಕರಿಗೆ ಒಂದು ವಿನಂತಿ. ‘ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಎಂಬ ಬೋರ್ಡು ನೋಡಿ ಒಡವೆ ಅಡವಿಡಲು ಹೋಗಬೇಡಿ. ಮೂರು ತಿಂಗಳು ತಡೆಯಿರಿ. ಈ ವಿದ್ಯೆಯ ಮೊದಲ ಪಾಠಗಳಿಗೆ ಶುಲ್ಕವೇ ಬೇಕಿಲ್ಲ.

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಯೋಜನೆ ಮುಂದಿಟ್ಟರು. 1993ರಲ್ಲಿ ಆ ಕೇಂದ್ರವು ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲಿ ಎಂದು ಬಿಟ್ಟುಕೊಟ್ಟಿತು. ಅದರ ಫಲ ನಮ್ಮ ಮಕ್ಕಳಿಗೂ ಇದೆ. ಒಂದು ಹಳೆಯ ಕಂಪ್ಯೂಟರು, ಅದರಲ್ಲಿ ನೋಟ್‌ಪ್ಯಾಡ್, ಒಂದು ಬ್ರೌಸರ್ ಇದ್ದರೆ ಇವತ್ತು ಸಂಜೆಯೇ ಮೊದಲ ಪುಟ ಬರೆಯಬಹುದು. ಎಚ್‌ಟಿಎಂಎಲ್ ಪುಟದ ಗೋಡೆ, ಬಾಗಿಲು. ಸಿಎಸ್‌ಎಸ್ ಅದರ ಬಣ್ಣ, ಅಳತೆ. ಜಾವಾಸ್ಕ್ರಿಪ್ಟ್ ಆಮೇಲೆ ಬರಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಉಚಿತ, ಕೆಲವು ಕನ್ನಡದಲ್ಲೂ ಇವೆ.

ಪುಟ ಮಾಡುವುದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಮಕ್ಕಳಿಗೆ ಇಷ್ಟ. ಡೇಟಾಬೇಸ್ ಕಾಣುವುದಿಲ್ಲ, ಆದ್ದರಿಂದ ಬೇಸರ. ಆದರೆ ನನ್ನ ಅನುಭವದಲ್ಲಿ ಕೈ ಹಿಡಿಯುವುದು ಈ ಎರಡನೆಯದೇ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು ಅವುಗಳ ನಡುವೆ ಸಂಬಂಧ ಕಲ್ಪಿಸುವ ವಿಧಾನವನ್ನು ಪ್ರಕಟಿಸಿದರು. ಅದರ ಮೇಲೆ ಬೆಳೆದ ಎಸ್‌ಕ್ಯೂಎಲ್ ಭಾಷೆ ಐವತ್ತು ವರ್ಷವಾದರೂ ಹಳತಾಗಿಲ್ಲ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇದೆ. ಅದೂ ಉಚಿತ.

ಕಲಿಯಲು ಬೇರೆ ಉದಾಹರಣೆ ಬೇಡ, ಈ ಟ್ರಸ್ಟಿನ ವಿದ್ಯಾರ್ಥಿವೇತನದ ರಿಜಿಸ್ಟರನ್ನೇ ಮನಸ್ಸಿಗೆ ತಂದುಕೊಳ್ಳಿ. ಒಬ್ಬ ಹುಡುಗನಿಗೆ ಮೂರು ವರ್ಷ ನೆರವು ಸಿಕ್ಕಿದೆ. ಪ್ರತಿ ವರ್ಷವೂ ಅವನ ಹೆಸರು, ವಿಳಾಸ, ತಂದೆಯ ಹೆಸರು ಮತ್ತೆ ಮತ್ತೆ ಬರೆದಿದ್ದಾರೆ. ಮನೆ ಬದಲಾದರೆ ಒಂದು ಕಡೆ ತಿದ್ದುತ್ತಾರೆ, ಇನ್ನೆರಡು ಕಡೆ ಹಳೆಯದೇ ಉಳಿಯುತ್ತದೆ. ಅದಕ್ಕೇ ಎರಡು ಕೋಷ್ಟಕ ಬೇಕು: ವಿದ್ಯಾರ್ಥಿಗಳದ್ದು ಒಂದು, ಕೊಟ್ಟ ಹಣದ್ದು ಇನ್ನೊಂದು. ಎರಡನ್ನೂ ಜೋಡಿಸಲು ಒಂದು ಸಂಖ್ಯೆ.

ಹೆಸರಿನಿಂದಲೇ ಯಾಕೆ ಜೋಡಿಸಬಾರದು ಎಂದು ಕೇಳಬಹುದು. ನಮ್ಮ ಮನೆಗಳಲ್ಲಿ ಇದನ್ನು ವಿವರಿಸುವ ಅಗತ್ಯವೇ ಇಲ್ಲ! ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಹಮ್ಮದ್. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂವರು. ಒಂದೇ ಹೆಸರಿನ ಇಬ್ಬರು ಒಂದೇ ತರಗತಿಯಲ್ಲಿದ್ದರೆ ಇದರ ಉಲ್ಟಾ. ಒಬ್ಬನ ಹಣ ಇನ್ನೊಬ್ಬನ ಲೆಕ್ಕಕ್ಕೆ ಹೋಗುವುದು ಹೀಗೆಯೇ. ಆಧಾರ್ ಸಂಖ್ಯೆಯನ್ನು ಈ ಕೊಂಡಿಯಾಗಿ ಬಳಸಬೇಡಿ, ಟ್ರಸ್ಟೇ ಕೊಡುವ ಸಂಖ್ಯೆ ಸಾಕು. ಫೋನ್ ನಂಬರನ್ನು ಅಕ್ಷರವೆಂದೇ ಉಳಿಸಿ, ಅಂಕಿಯೆಂದು ಉಳಿಸಿದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ.

ಇಲ್ಲೇ ಇನ್ನೊಂದು ವಿಷಯ, ಇದನ್ನು ದಾನಿಗಳೂ ಕೇಳಬೇಕು. ಕಲಿಯುವ ಹುಮ್ಮಸ್ಸಿನಲ್ಲಿ ಹುಡುಗರು ಸಂಸ್ಥೆಗೊಂದು ವೆಬ್‌ಸೈಟ್ ಮಾಡಿಕೊಡುತ್ತಾರೆ, ನೆರವು ಪಡೆದವರ ಪಟ್ಟಿಯನ್ನು ಹಾಗೆಯೇ ಅದರಲ್ಲಿ ಏರಿಸುತ್ತಾರೆ. ಆ ಪಟ್ಟಿಯಲ್ಲಿ ಯಾರ ತಂದೆ ತೀರಿಕೊಂಡಿದ್ದಾರೆ, ಯಾರ ಮನೆಯ ಆದಾಯ ಎಷ್ಟು ಎಂಬುದೆಲ್ಲ ಇರುತ್ತದೆ. ಅದು ಒಂದು ಹೆಣ್ಣುಮಗುವಿನ ತರಗತಿಯವರ ಫೋನಿಗೆ ತಲುಪಿದರೆ ಅವಳು ಮುಂದಿನ ವರ್ಷ ಅರ್ಜಿಯನ್ನೇ ಹಾಕುವುದಿಲ್ಲ. ಕೊಟ್ಟದ್ದನ್ನು ಗುಟ್ಟಾಗಿಡುವುದು ನಮ್ಮ ಹಿರಿಯರ ಪದ್ಧತಿ. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಇನ್ನೊಂದು ಅಪಾಯ: ಅರ್ಜಿ ನಮೂನೆಯ ಹೆಸರಿನ ಜಾಗದಲ್ಲಿ ಯಾರಾದರೂ ಎಸ್‌ಕ್ಯೂಎಲ್ ಆಜ್ಞೆ ಬರೆದು ಕಳುಹಿಸಬಹುದು. ಬಂದ ಅಕ್ಷರಗಳನ್ನು ನೇರವಾಗಿ ಆಜ್ಞೆಯೊಳಗೆ ಅಂಟಿಸಿದ್ದರೆ ಇಡೀ ಪಟ್ಟಿ ಅವರ ಕೈಗೆ. ಇದನ್ನು ತಡೆಯುವ ಕ್ರಮವನ್ನು ಮೊದಲ ತಿಂಗಳಲ್ಲೇ ಕಲಿಯಬೇಕು, ಕೊನೆಯ ಅಧ್ಯಾಯಕ್ಕೆ ಬಿಡಬಾರದು.

ದಾನಿಗಳಲ್ಲಿ ನನ್ನ ಕೋರಿಕೆ: ಒಬ್ಬನ ದುಬಾರಿ ಕೋರ್ಸಿನ ಶುಲ್ಕಕ್ಕಿಂತ, ಸಂಜೆ ತೆರೆದಿರುವ ಒಂದು ಕೋಣೆ, ನಾಲ್ಕು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು, ಇಂಟರ್ನೆಟ್ ಹೆಚ್ಚು ಮಕ್ಕಳಿಗೆ ಉಪಯೋಗ. ಹೆಣ್ಣುಮಕ್ಕಳಿಗೆ ಬೇರೆ ಸಮಯ ಗೊತ್ತುಮಾಡಿದರೆ ಮನೆಯವರು ಕಳುಹಿಸುತ್ತಾರೆ. ಫೋನಿನಲ್ಲಿ ಪಾಠ ನೋಡಬಹುದು, ಕೋಡ್ ಬರೆದು ಅಭ್ಯಾಸ ಮಾಡುವುದು ಕಷ್ಟ.

ಅರ್ಜಿ ಹಾಕುವ ಮಕ್ಕಳು ಸರ್ಟಿಫಿಕೇಟಿನ ಜೊತೆ ತಾವೇ ಮಾಡಿದ ಒಂದು ಪುಟವನ್ನೂ ಎರಡು ಕೋಷ್ಟಕಗಳನ್ನೂ ಪೆನ್‌ಡ್ರೈವಿನಲ್ಲಿ ತನ್ನಿ. ಕೋಷ್ಟಕದಲ್ಲಿ ನಿಜವಾದ ಯಾರ ಹೆಸರೂ ಇರಬಾರದು. ಅಂಗಡಿಯ ಸಾಲದ ಪುಸ್ತಕ, ಮದ್ರಸದ ಹಾಜರಿ, ಯಾವುದಾದರೂ ಆಗಬಹುದು. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ತಂದವರು ಈಗಲೇ ತೋರಿಸಬಹುದು.