ಹಳೆಯ ವ್ಯಾನಿನ ಸವೆದ ಕೀಲುಗಳು

(ಗ್ರಾಮದ ಯುವಕ ಸಂಘದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಒಂದು ಹಳೆಯ ಓಮ್ನಿ ವ್ಯಾನನ್ನು ಇಟ್ಟುಕೊಂಡು ಸಂತೆಗೂ ಆಸ್ಪತ್ರೆಗೂ ಓಡಾಡತಕ್ಕವನು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇಂತಹ ಗಾಡಿಗಳು ಇನ್ನೂ ಬಹಳ ಇವೆ. ಮಾರುತಿ ಕಂಪೆನಿಯು 1984ರಲ್ಲಿ ಹೊರತಂದ ಈ ವ್ಯಾನಿನ ತಯಾರಿಕೆಯನ್ನು 2019ರಲ್ಲಿ ನಿಲ್ಲಿಸಿತು. ಆದುದರಿಂದ ಈಗ ಓಡುತ್ತಿರುವ ಓಮ್ನಿಗಳೆಲ್ಲವೂ ವಯಸ್ಸಾದವೇ. ಇಂಜಿನ್ನಿನ ವಿಚಾರದಲ್ಲಿ ನಾವೆಲ್ಲರೂ ಜಾಗರೂಕರು; ಆಯಿಲ್ ಬದಲಾಯಿಸುತ್ತೇವೆ, ಹೊಗೆ ಬಂದರೆ ಗಾಬರಿಯಾಗುತ್ತೇವೆ. ಆದರೆ ಗಾಡಿಯ ಕೆಳಗೆ ಬಗ್ಗಿ ನೋಡುವವರು ಕಡಿಮೆ.

ನನ್ನ ವ್ಯಾನು 1,60,000 ಕಿಲೋಮೀಟರು ದಾಟಿದ ಮೇಲೆ ಮುಂದಿನ ಎಡಗಡೆಯಿಂದ ಕಟಕಟ ಶಬ್ದ ಬರಲಾರಂಭಿಸಿತು. ವೇಗವಾಗಿ ಹೋದರೆ ಕೇಳಿಸದು. ಸಣ್ಣ ಗುಂಡಿಯಲ್ಲಿ ನಿಧಾನವಾಗಿ ಇಳಿದರೆ ಮಾತ್ರ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಚಕ್ರವನ್ನು ಎತ್ತಿಯೂ ನೋಡದೆ, ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು. ಎರಡನ್ನೂ ಬದಲಾಯಿಸಿದರು, ಹಣ ಕೊಟ್ಟೆ. ಶಬ್ದ ಹೋಗಲಿಲ್ಲ. ನಾನೂ ಸೋಮಾರಿಯಾದೆ, ಎರಡು ತಿಂಗಳು ಹಾಗೆಯೇ ಓಡಿಸಿದೆ. ಒಂದು ದಿನ ಟೊಮೇಟೊ ತುಂಬಿಕೊಂಡು, ಜೊತೆಗೆ ನೆರೆಮನೆಯ ಇಬ್ಬರು ತಾಯಂದಿರನ್ನು ಕೂರಿಸಿಕೊಂಡು ಸಂತೆಗೆ ಹೊರಟಿದ್ದೆ. ಮೋರಿಯ ಬಳಿ ತಿರುವಿನಲ್ಲಿ ಬಾಲ್ ಜಾಯಿಂಟ್ ಗೂಡಿನಿಂದ ಕಳಚಿಕೊಂಡು ಚಕ್ರ ಹೊರಕ್ಕೆ ವಾಲಿ ಮಡಗಾರ್ಡಿಗೆ ಸಿಕ್ಕಿಕೊಂಡಿತು. ನಡೆಯುವಷ್ಟು ನಿಧಾನದಲ್ಲಿದ್ದುದರಿಂದ ಗಾಡಿ ಅಲ್ಲಿಯೇ ನಿಂತಿತು. ಅದಕ್ಕೆ ಹತ್ತು ನಿಮಿಷ ಮೊದಲು ನಾವು ಹೆದ್ದಾರಿಯಲ್ಲಿದ್ದೆವು. ಆ ತಾಯಂದಿರಲ್ಲಿ ಒಬ್ಬರು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರಿಗೆ ಮುಖ ತೋರಿಸಲು ನನಗೆ ಈಗಲೂ ಸಂಕೋಚ.

ಈ ಬಾಲ್ ಜಾಯಿಂಟ್ ಎಂದರೇನು? ಚಕ್ರವು ಎಡಬಲಕ್ಕೆ ತಿರುಗಲೂ ಬೇಕು, ಮೇಲೆ ಕೆಳಗೆ ಆಡಲೂ ಬೇಕು. ನಮ್ಮ ಭುಜದ ಮೂಳೆಯಂತೆ ಒಂದು ಗುಂಡು ಒಂದು ಗೂಡಿನೊಳಗೆ ಕುಳಿತು ಎರಡಕ್ಕೂ ಅವಕಾಶ ಕೊಡುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಂತೆ ಇದಕ್ಕೂ ಹಾಕಬಹುದಲ್ಲವೇ ಎಂದು ಹಿರಿಯರೊಬ್ಬರು ಕೇಳಿದ್ದರು. ಈಗಿನ ಕಾರುಗಳಲ್ಲಿ ಇದನ್ನು ಗ್ರೀಸು ತುಂಬಿ ರಬ್ಬರ್ ಟೋಪಿಯಿಂದ ಮುಚ್ಚಿಯೇ ಕೊಡುತ್ತಾರೆ. ಟೋಪಿ ಹರಿದರೆ ಧೂಳು, ಕೆಸರು ಒಳಗೆ ಸೇರಿ ಗುಂಡನ್ನು ಅರೆಯುತ್ತವೆ. ಒಮ್ಮೆ ಸವೆದ ಮೇಲೆ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಹೊಸದನ್ನೇ ಹಾಕತಕ್ಕದ್ದು.

ಪರೀಕ್ಷೆ ಸುಲಭ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಕೇವಲ ಜಾಕನ್ನು ನಂಬಿ ಯಾರೂ ಕೆಳಗೆ ನುಸುಳಕೂಡದು. ಇಟ್ಟಿಗೆ, ಕಲ್ಲು ಬೇಡ. ಅವು ಹೇಳದೆ ಕೇಳದೆ ಒಡೆಯುತ್ತವೆ. ಅನಂತರ ಚಕ್ರದ ನೆತ್ತಿಯನ್ನೂ ಅಡಿಯನ್ನೂ ಎರಡು ಕೈಗಳಿಂದ ಹಿಡಿದು ಅಲುಗಿಸಿ. ಆಟವಿದ್ದರೆ ಮತ್ತೊಬ್ಬರಿಂದ ಬ್ರೇಕ್ ಒತ್ತಿಸಿ. ಆಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ನಿಲ್ಲದಿದ್ದರೆ ಬಾಲ್ ಜಾಯಿಂಟನ್ನು ಅನುಮಾನಿಸಬೇಕು. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಸ್ಟೇರಿಂಗಿನ ಟೈ ರಾಡ್ ತುದಿಗಳನ್ನು ನೋಡಬೇಕು. ಇಷ್ಟನ್ನು ಆ ಗ್ಯಾರೇಜಿನವರು ಮಾಡಿದ್ದರೆ ಐದು ನಿಮಿಷದ ಕೆಲಸ.

ಶಾಕ್ ಅಬ್ಸಾರ್ಬರಿನ ವಿಚಾರಕ್ಕೆ ಬರುತ್ತೇನೆ. ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರು. ಓಮ್ನಿಯ ಮುಂಭಾಗದಲ್ಲಿ ಇವೆರಡೂ ಒಂದೇ ಕಂಬದಲ್ಲಿ ಸೇರಿವೆ. ಇದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದು ಹೆಸರು. ಅಮೆರಿಕದ ಇಂಜಿನಿಯರ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಏರ್ಪಾಡು 1950ರ ಸುಮಾರಿಗೇ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂದಿತ್ತು. ಹಿಂದೆ ಮಾತ್ರ ಲಾರಿಗಳಂತೆ ಪಟ್ಟಿ ಸ್ಪ್ರಿಂಗು. ಶಾಕ್ ಅಬ್ಸಾರ್ಬರ್ ಸೋತರೆ ಕೇವಲ ಸೊಂಟನೋವಲ್ಲ. ಚಕ್ರ ನೆಲ ಬಿಟ್ಟು ಹಾರುತ್ತದೆ, ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಹಿಡಿಸಿ ಫಲವೇನು? ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಮೂರು ನಾಲ್ಕು ಸಲ ತೂಗಾಡಿದರೆ, ಕೊಳವೆಯ ಮೇಲೆ ಎಣ್ಣೆ ಹರಿದಿದ್ದರೆ, ಟೈರು ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಬಿದ್ದು ಸವೆದಿದ್ದರೆ, ಅದರ ಕಾಲ ಮುಗಿಯಿತೆನ್ನಿ. ಬದಲಾಯಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಬ್ರೇಕ್ ಹಿಡಿದಾಗಲೂ ತಿರುವಿನಲ್ಲೂ ಎರಡು ಪಕ್ಕಗಳು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ.

ನಮ್ಮ ಹುಡುಗರಿಗೆ ಕೈಯೊಡ್ಡಿ ಕೇಳಿಕೊಳ್ಳುವುದೊಂದಿದೆ. ಮುಂದಿನ ಸ್ಟ್ರಟ್ಟಿನ ನೆತ್ತಿಯ ನಡುವಿನ ನಟ್ಟನ್ನು ಮನೆಯಲ್ಲಿ ಬಿಚ್ಚಬೇಡಿ. ಅದರ ಕೆಳಗೆ ಸ್ಪ್ರಿಂಗು ಅದುಮಿ ಕುಳಿತಿದೆ. ತಕ್ಕ ಕಂಪ್ರೆಸರಿನಿಂದ ಅದನ್ನು ಬಿಗಿಹಿಡಿಯದೆ ನಟ್ಟನ್ನು ಸಡಿಲಿಸಿದರೆ ದವಡೆಯನ್ನೇ ಒಡೆಯುವ ರಭಸದಿಂದ ಹಾರುತ್ತದೆ. ಹಗ್ಗ, ತಂತಿ ಕಟ್ಟಿ ಮಾಡುತ್ತೇವೆನ್ನುವ ಜಾಣತನ ಬೇಡವೇ ಬೇಡ.

ರಬ್ಬರ್ ಬುಷ್‌ಗಳ ವಿಷಯದಲ್ಲಿ ಬಹಳ ಮೆಕ್ಯಾನಿಕ್ಕರೂ ಮಾಡುವ ತಪ್ಪೊಂದಿದೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ತೋಳಿನ ಬೋಲ್ಟನ್ನು ಕೊನೆಯ ಸುತ್ತು ಬಿಗಿದುಬಿಡುತ್ತಾರೆ. ಗಾಡಿ ಕೆಳಗಿಳಿದಾಗ ರಬ್ಬರು ತಿರುಚಿಕೊಂಡೇ ನಿಂತು ಬೇಗನೆ ಹರಿಯುತ್ತದೆ. ಬೋಲ್ಟನ್ನು ಸುಮ್ಮನೆ ಕೂರಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಂದ ಅನಂತರವೇ ಪೂರ್ತಿ ಬಿಗಿಯಬೇಕು. ಪಕ್ಕದಲ್ಲಿ ನಿಂತು ಕೇಳಿ, ನಾಚಿಕೆಪಡಬೇಡಿ. ಹಿಂದಿನ ಪಟ್ಟಿಗಳನ್ನು ಬಿಚ್ಚಿ ಹಾಕಿದ್ದರೆ ಅವುಗಳ ಯು ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡತಕ್ಕದ್ದು. ಮುಂದಿನ ಭಾಗಗಳನ್ನು ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆದು ಹೋದೀತು.

ಎಲ್ಲವನ್ನೂ ಒಮ್ಮೆಲೇ ಮಾಡಿಸಲು ಕೈಯಲ್ಲಿ ಹಣವಿಲ್ಲವೆನ್ನುವವರು ಮೊದಲು ಬಾಲ್ ಜಾಯಿಂಟ್, ಟೈ ರಾಡ್ ತುದಿಗಳನ್ನು ಮಾಡಿಸಿ. ಅನಂತರ ಶಾಕ್ ಅಬ್ಸಾರ್ಬರು, ಬುಷ್‌ಗಳು. ಕೀರಲು ಶಬ್ದಕ್ಕೆ ಕಾಯಬಹುದು, ಕಳಚಿಕೊಳ್ಳುವ ಚಕ್ರಕ್ಕೆ ಕಾಯಲಾಗದು.

ನನ್ನ ವ್ಯಾನಿನಿಂದ ಕಳಚಿದ ಆ ಹಳೆಯ ಜಾಯಿಂಟನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ ಗುಂಡು ಹೇಗೆ ಗಡಗಡ ಆಡುತ್ತದೆಂದು ನೋಡಿ. ವ್ಯಾನು ಹೊರಗೆ ದೀಪದ ಕೆಳಗಿದೆ. ಯಾರಾದರೂ ಇಬ್ಬರು ಅಡ್ಡಗಟ್ಟೆಗಳನ್ನು ತಂದರೆ ಈಗಲೇ ಚಕ್ರವನ್ನು ಎತ್ತಿ ತೋರಿಸುತ್ತೇನೆ.