ಆಕಾಶದಿಂದ ನಗರದ ಹೊಗೆಯ ಲೆಕ್ಕ



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆಯನ್ನು ಎದುರು ಗುಡ್ಡದಿಂದ ಕಂಡವರಿಗೆ ಒಲೆ ಯಾವ ಮನೆಯದು, ಗಾಳಿ ಎತ್ತ ಬೀಸುತ್ತಿದೆ ಎಂಬುದು ತಿಳಿಯುತ್ತದೆ. ಒಲೆಗೆ ಹಾಕಿದ ಸೌದೆಯೆಷ್ಟೆಂದು ಹೇಳಲಾದೀತೇ? ಉಪಗ್ರಹದಿಂದ ನಗರಗಳ ಮಾಲಿನ್ಯವನ್ನು ಅಂದಾಜಿಸುವ ವಿಜ್ಞಾನದ ಪ್ರಶ್ನೆಯೂ ಇದೇ.

2017ರ ಅಕ್ಟೋಬರ್‌ನಲ್ಲಿ ಯುರೋಪ್ ಉಡಾಯಿಸಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣವು ಮಧ್ಯಾಹ್ನ ಸುಮಾರು 1.30ರ ವೇಳೆಗೆ ಈ ನೆಲವನ್ನು ವೀಕ್ಷಿಸುತ್ತದೆ. ವಾಹನ, ಜನರೇಟರ್, ಕಾರ್ಖಾನೆಗಳ ಹೊಗೆಯಿಂದ ಉಂಟಾಗುವ ನೈಟ್ರೋಜನ್ ಡೈಆಕ್ಸೈಡ್ ಬಿಸಿಲಿನ ನೀಲಿ ಬೆಳಕನ್ನು ಹೀರುತ್ತದೆ. ನೆಲದಿಂದ ಮರಳಿದ ಬೆಳಕಿನಲ್ಲಿ ಕಾಣುವ ಕೊರತೆಯೇ ಆ ಅನಿಲದ ಪ್ರಮಾಣವನ್ನು ಸೂಚಿಸುತ್ತದೆ.

ಆದರೆ ಇದ್ದದ್ದೆಲ್ಲ ಆಗತಾನೇ ಹೊರಬಿದ್ದದ್ದಲ್ಲ. ಹಗಲಿನಲ್ಲಿ ಈ ಅನಿಲ ಕೆಲವೇ ಗಂಟೆ ಬಾಳುತ್ತದೆ. ಒಂದು ನಗರದ ಮೇಲೆ 20 ಟನ್ ಇದೆ, ಅದರ ಸರಾಸರಿ ಆಯುಷ್ಯ 4 ಗಂಟೆ ಎಂದುಕೊಂಡರೆ, ಗಂಟೆಗೆ 5 ಟನ್ ಸೇರುತ್ತಲೇ ಇರಬೇಕು. ಗಾಳಿ ಜೋರಾದರೆ ಹೊಗೆ ತೆಳುವಾಗಿ ಹರಡುತ್ತದೆ; ಉತ್ಸರ್ಜನೆ ಇಳಿಯಿತೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದಲೇ ಗಾಳಿ, ಬಿಸಿಲು, ರಾಸಾಯನಿಕ ಕ್ರಿಯೆಗಳನ್ನು ಲೆಕ್ಕಕ್ಕೆ ತರುವ ವಾತಾವರಣ ಮಾದರಿಗಳು ಬೇಕಾಗುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಮೇಲೆ ಈ ಅನಿಲ ತಗ್ಗಿದ್ದು ಉಪಗ್ರಹಕ್ಕೆ ಕಂಡಿತು. ಅದರಲ್ಲಿ ವಾಹನಗಳು ನಿಂತ ಪಾಲೆಷ್ಟು, ಹವಾಮಾನದ ಪಾಲೆಷ್ಟು ಎಂದು ಬಿಡಿಸಲು ಮಾದರಿಯೇ ಆಧಾರ.

ಈ ವಿಧಾನಕ್ಕೆ ಮಿತಿಗಳೂ ಇವೆ. ಮಳೆಗಾಲದ ಮೋಡ ಕವಿದರೆ ಕೆಳಗಿನ ಗಾಳಿ ಉಪಗ್ರಹಕ್ಕೆ ಕಾಣದು. ಮುಂಜಾನೆ ಕಣಿವೆಯಲ್ಲಿ ಮಡುಗಟ್ಟಿದ ಹೊಗೆ ಮಧ್ಯಾಹ್ನದ ಹೊತ್ತಿಗೆ ಚದುರಿರುತ್ತದೆ. ಹೊಗೆ ಲಾರಿಯದೋ ಜನರೇಟರಿನದೋ ಎಂಬುದನ್ನು ನೆಲದ ಮೇಲಿನ ಎಣಿಕೆಯೇ ಹೇಳಬೇಕು.

ಮಲೆನಾಡಿಗೆ ಇದರ ಗೊಡವೆಯೇಕೆ? ನೈಟ್ರೋಜನ್ ಡೈಆಕ್ಸೈಡ್ ಬಿಸಿಲಿನಲ್ಲಿ ಓಝೋನನ್ನು ಹುಟ್ಟಿಸುತ್ತದೆ. ನೆಲಮಟ್ಟದ ಓಝೋನ್ ಎಲೆಯ ಉಸಿರುರಂಧ್ರಗಳನ್ನು ಹೊಕ್ಕು ಬೆಳೆಯ ಇಳುವರಿಯನ್ನು ಕುಗ್ಗಿಸುತ್ತದೆ. ಅದು ಗಾಳಿಯೊಡನೆ ನಗರದ ಗಡಿ ದಾಟಬಲ್ಲದು. 2009ರ ರಾಷ್ಟ್ರೀಯ ಮಾನದಂಡವು ಈ ಡೈಆಕ್ಸೈಡಿಗೆ ಸಾಮಾನ್ಯ ಪ್ರದೇಶದಲ್ಲಿ ವಾರ್ಷಿಕ 40 ಮೈಕ್ರೊಗ್ರಾಂ ಮಿತಿಯಿಟ್ಟರೆ, ಅಧಿಸೂಚಿತ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಘನ ಮೀಟರಿಗೆ 30 ಎಂದಿದೆ. ಆದರೆ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಪಟ್ಟಿ ಮಾಡಿದ್ದು ನಗರಗಳನ್ನು. ದಾವಣಗೆರೆ ಅದರಲ್ಲಿದೆ, ಹಳ್ಳಿಗಳಿಲ್ಲ.

ಹಳ್ಳಿಗೊಂದು ಮಾಪನ ಕೇಂದ್ರ ಬರುವುದು ದೂರದ ಮಾತು. ಉಪಗ್ರಹದ ದತ್ತಾಂಶವಾದರೋ ಎಲ್ಲರಿಗೂ ಉಚಿತವಾಗಿ ತೆರೆದಿದೆ. ವಿದ್ಯಾರ್ಥಿಗಳು ಅದನ್ನು ಓದಲು ಕಲಿಯಲಿ. ಗ್ರಾಮಸ್ಥರು ಕಾಡಿನ ಬೆಂಕಿ, ಕಸ ಸುಟ್ಟ ಹೊಗೆಯ ದಿನ, ಹೊತ್ತು, ಸ್ಥಳಗಳನ್ನು ಬರೆದಿಡಲಿ. ಮೇಲಿನ ನೋಟಕ್ಕೆ ಕೆಳಗಿನ ಸಾಕ್ಷಿ ಕೂಡಿದಾಗಲೇ ಲೆಕ್ಕ ಕೇಳುವವರ ಮಾತಿಗೆ ತೂಕ ಬರುತ್ತದೆ.