ಸಂಬಳದ ಕೆಲಸವೂ ಮನಸ್ಸಿಗೊಪ್ಪಿದ ಕೆಲಸವೂ

(ಹಿಡುವಳಿದಾರರ ಮತ್ತು ಗ್ರಾಮಮುಖ್ಯಸ್ಥರ ಸಭೆಗಾಗಿ ಬರೆದ ಉಪನ್ಯಾಸ)



ಹಿಡುವಳಿದಾರರ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸವು ಮುಗಿಯುವ ಕಾಲಕ್ಕೆ ಒಂದು ಪ್ರಶ್ನೆಯು ತಪ್ಪದೆ ಏಳುವುದು. ಮಗನಿಗಾಗಲಿ ಮಗಳಿಗಾಗಲಿ ಪಟ್ಟಣದಲ್ಲಿ ತಿಂಗಳು ತಿಂಗಳೂ ಸಂಬಳ ಬರತಕ್ಕ ಕೆಲಸವೊಂದು ದೊರೆಯುವಂತಿರುವುದು. ಅವರ ಮನಸ್ಸಾದರೋ ತೋಟದ ಮೇಲೆಯೋ, ಹೈನಿನ ಮೇಲೆಯೋ, ಅಥವಾ ಬೇರೊಂದು ವಿದ್ಯೆಯ ಮೇಲೆಯೋ ನೆಟ್ಟಿರುವುದು. ಆಗ ಮನೆಯು ಎರಡು ಪಕ್ಷವಾಗುವುದು. ಒಂದು ಪಕ್ಷದವರು “ಬೇಸಾಯ, ನೀ ಸಾಯ, ಮನೆಮಂದಿಯೆಲ್ಲ ಸಾಯ” ಎಂಬ ಗಾದೆಯನ್ನು ಹೇಳುವರು. ಇನ್ನೊಂದು ಪಕ್ಷದವರು ಮನಸ್ಸಿಲ್ಲದ ಉದ್ಯೋಗವು ಜೀತಕ್ಕೆ ಸಮಾನವೆನ್ನುವರು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯವುಂಟು. ಆದರೆ ಗಾದೆಯಿಂದ ಸಂಸಾರದ ಲೆಕ್ಕವು ತೀರುವುದಿಲ್ಲ. ತೀರ್ಮಾನವು ತಪ್ಪಿದರೆ ಒಂದು ಕಡೆ ಭೂಮಿಯು ಬೀಳಾಗುವುದು, ಇಲ್ಲವೆ ಸಾಲವು ಬೆಳೆಯುವುದು. ಇವೆರಡಕ್ಕಿಂತಲೂ ಹೆಚ್ಚಾಗಿ ಒಂದು ಜೀವದ ಮೂವತ್ತು ನಲವತ್ತು ವರ್ಷಗಳು ವ್ಯರ್ಥವಾಗುವುವು.

ಆದಕಾರಣ, ಇದೇ ಕವಲುದಾರಿಯಲ್ಲಿ ನಿಂತಿದ್ದ ಮೂವರು ವ್ಯವಸಾಯ ಪಂಡಿತರ ಚರಿತ್ರೆಯನ್ನು ಮೊದಲು ನೋಡಿ, ಅದರಿಂದ ತಿಳಿದುಬರುವ ಅಂಶಗಳನ್ನು ಆಮೇಲೆ ಮನೆಯ ಲೆಕ್ಕಕ್ಕೆ ಅನ್ವಯಿಸುವುದು ಯುಕ್ತವಾಗಿರುವುದು.

ಕಾರ್ವರ್ ಅವರ ಎರಡು ತೀರ್ಮಾನಗಳು

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬವರು ಅಮೆರಿಕದ ಮಿಸ್ಸೂರಿ ಪ್ರಾಂತದಲ್ಲಿ 1864ರ ಸುಮಾರಿನಲ್ಲಿ ಗುಲಾಮ ಸ್ತ್ರೀಯೊಬ್ಬಳ ಮಗನಾಗಿ ಹುಟ್ಟಿದರು. ಬಾಲ್ಯದಿಂದಲೂ ಅವರಿಗೆ ಎರಡು ವಿಷಯಗಳಲ್ಲಿ ಪ್ರೀತಿ. ಒಂದು ಗಿಡಬಳ್ಳಿಗಳು, ಇನ್ನೊಂದು ಚಿತ್ರಕಲೆ. 1890ರಲ್ಲಿ ಅವರು ಅಯೋವಾ ಪ್ರಾಂತದ ಸಿಂಪ್ಸನ್ ಕಾಲೇಜನ್ನು ಸೇರಿ ಕಲಿಯಲಾರಂಭಿಸಿದ್ದು ಚಿತ್ರಕಲೆಯನ್ನೇ. ಅವರ ಕೈಚಳಕವನ್ನು ಮೆಚ್ಚಿದ ಉಪಾಧ್ಯಾಯಿನಿಯೇ, ಆ ದೇಶದಲ್ಲಿ ಕಪ್ಪು ಜನರವನೊಬ್ಬನು ಚಿತ್ರ ಬರೆದು ಹೊಟ್ಟೆ ಹೊರೆಯುವುದು ಕಷ್ಟವೆಂದು ತಿಳಿಸಿ, ತನ್ನ ತಂದೆಯು ತೋಟಗಾರಿಕೆಯ ಪ್ರೊಫೆಸರರಾಗಿದ್ದ ಏಮ್ಸ್ ನಗರದ ವ್ಯವಸಾಯ ಕಾಲೇಜಿಗೆ ಹೋಗಬೇಕೆಂದು ಸೂಚಿಸಿದಳು. ಕಾರ್ವರ್ ಅವರು 1891ರಲ್ಲಿ ಆ ಕಾಲೇಜನ್ನು ಸೇರಿದರು. 1893ರಲ್ಲಿ ಅವರ ಚಿತ್ರವೊಂದು ಚಿಕಾಗೊ ನಗರದ ದೊಡ್ಡ ವಸ್ತುಪ್ರದರ್ಶನದಲ್ಲಿ ಮನ್ನಣೆ ಪಡೆಯಿತು. ಆದರೂ ಅವರು ಹಿಡಿದ ದಾರಿಯನ್ನು ಬಿಡಲಿಲ್ಲ. ಅವರ ಮೊದಲನೆಯ ತೀರ್ಮಾನವು ಹೀಗೆ ಜೀವನೋಪಾಯದ ಕಡೆಗೇ ಆಯಿತು.

ಎರಡನೆಯ ತೀರ್ಮಾನವು ಇದಕ್ಕೆ ವಿರುದ್ಧವಾಗಿ ಕಾಣುವುದು. 1896ರಲ್ಲಿ ದೊಡ್ಡ ಪದವಿಯನ್ನು ಪಡೆಯುವ ವೇಳೆಗೆ ಅವರಿಗೆ ಅದೇ ಕಾಲೇಜಿನಲ್ಲಿ ಕೆಲಸವಿತ್ತು, ಗೌರವವಿತ್ತು, ಒಳ್ಳೆಯ ಪ್ರಯೋಗಶಾಲೆಯಿತ್ತು. ಆಗ ದಕ್ಷಿಣದ ಅಲಬಾಮ ಪ್ರಾಂತದ ಟಸ್ಕೀಗೀ ವಿದ್ಯಾಸಂಸ್ಥೆಯಿಂದ ಕರೆ ಬಂದಿತು. ಅದು ಬಿಡುಗಡೆ ಹೊಂದಿದ ಗುಲಾಮರ ಮಕ್ಕಳಿಗಾಗಿ ನಡೆಯುತ್ತಿದ್ದ ಬಡ ಸಂಸ್ಥೆ. ಕಾರ್ವರ್ ಅವರು ಇದ್ದ ಅನುಕೂಲವನ್ನು ಬಿಟ್ಟು ಅಲ್ಲಿಗೆ ಹೋದರು. 1897ರಲ್ಲಿ ಸರ್ಕಾರವು ಅಲ್ಲಿ ಸ್ಥಾಪಿಸಿದ ಪ್ರಯೋಗಕ್ಷೇತ್ರಕ್ಕೆ ವರ್ಷಕ್ಕೆ 1500 ಡಾಲರುಗಳನ್ನು ಮಾತ್ರ ಕೊಡುತ್ತಿತ್ತು. ಕಸದಲ್ಲಿ ಬಿದ್ದಿದ್ದ ಸೀಸೆಗಳನ್ನು ಆಯ್ದು ತಂದು ಪ್ರಯೋಗಶಾಲೆಯನ್ನು ಹೂಡಬೇಕಾಯಿತು. ವರ್ಷ ವರ್ಷವೂ ಹತ್ತಿಯೊಂದನ್ನೇ ಬೆಳೆದು ಸತ್ತ್ವಗುಂದಿದ್ದ ಹೊಲಗಳಲ್ಲಿ ಅಲಸಂದೆ, ಕಡಲೆಕಾಯಿ, ಗೆಣಸುಗಳನ್ನು ಸರದಿಯ ಮೇಲೆ ಬೆಳೆಯುವುದನ್ನು ಅವರು ರೈತರಿಗೆ ಕಲಿಸಿದರು. 1906ರಲ್ಲಿ ಬಂಡಿಯೊಂದರಲ್ಲಿ ಉಪಕರಣಗಳನ್ನು ಹೇರಿಸಿ ಬೋಧನೆಯನ್ನು ಹಳ್ಳಿಯ ಬಾಗಿಲಿಗೇ ಕಳುಹಿಸುವ ಏರ್ಪಾಡಾಯಿತು. ಸಾಮಾನ್ಯ ರೈತರಿಗೆ ಅರ್ಥವಾಗುವಂಥ 44 ಕರಪತ್ರಗಳು ಆ ಕ್ಷೇತ್ರದಿಂದ ಹೊರಟುವು. ಬಿಟ್ಟುಬಂದ ಚಿತ್ರಕಲೆಯು ಸಹ ಅವರನ್ನು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಚಿತ್ರ ಬರೆಯುತ್ತಲೇ ಇದ್ದರು. 1943ರಲ್ಲಿ ತೀರಿಹೋಗುವ ಮುಂಚೆ, ಮಿತವಾಗಿ ಬಾಳಿ ಉಳಿಸಿದ್ದ ಹಣವನ್ನೆಲ್ಲ ಸಂಶೋಧನೆಯ ನಿಧಿಗೆ ಕೊಟ್ಟರು.

ಇಮ್ಮಡಿ ಸಂಬಳವನ್ನು ಬಿಟ್ಟ ಬೊರ್ಲಾಗ್

ಏಮ್ಸ್ ನಗರದಲ್ಲಿ ಕಾರ್ವರ್ ಅವರ ಕೈಹಿಡಿದು ತಿರುಗಾಡುತ್ತ ಗಿಡಗಳ ಗುರುತನ್ನು ಕಲಿತ ಬಾಲಕನೊಬ್ಬನಿದ್ದನು. ಆತನೇ ಹೆನ್ರಿ ವಾಲೇಸ್. ಇವರು 1933ರಲ್ಲಿ ಅಮೆರಿಕದ ವ್ಯವಸಾಯ ಮಂತ್ರಿಗಳೂ 1941ರಲ್ಲಿ ಉಪಾಧ್ಯಕ್ಷರೂ ಆದರು. 1940ರಲ್ಲಿ ಮೆಕ್ಸಿಕೊ ದೇಶದಲ್ಲಿ ಸಂಚರಿಸಿ ಅಲ್ಲಿನ ಫಸಲಿನ ಬಡತನವನ್ನು ಕಂಡು ಇವರು ಆಡಿದ ಮಾತು, 1943ರಲ್ಲಿ ರಾಕ್‌ಫೆಲರ್ ಧರ್ಮಸಂಸ್ಥೆಯು ಅಲ್ಲಿ ಬೆಳೆ ಸುಧಾರಣೆಯನ್ನು ಕೈಕೊಳ್ಳುವುದಕ್ಕೆ ಒಂದು ಕಾರಣವಾಯಿತು. ಆ ಕಾರ್ಯಕ್ಕೆ ಸೇರಿದವರಲ್ಲಿ ಒಬ್ಬರು ನಾರ್ಮನ್ ಬೊರ್ಲಾಗ್.

ಬೊರ್ಲಾಗ್ ಅವರು 1914ರಲ್ಲಿ ಅಯೋವಾ ಪ್ರಾಂತದ ರೈತರ ಮನೆಯಲ್ಲಿ ಹುಟ್ಟಿದವರು. ಮೊದಲು ಅರಣ್ಯಶಾಸ್ತ್ರವನ್ನು ಓದಿ, ಆಮೇಲೆ ಗೋದಿಯ ತುಕ್ಕು ರೋಗವನ್ನು ಕುರಿತ ಉಪನ್ಯಾಸವೊಂದನ್ನು ಕೇಳಿ ಸಸ್ಯರೋಗಶಾಸ್ತ್ರದ ಕಡೆಗೆ ತಿರುಗಿದರು. 1942ರಲ್ಲಿ ಡುಪಾಂಟ್ ಎಂಬ ದೊಡ್ಡ ರಸಾಯನ ಕಂಪೆನಿಯಲ್ಲಿ ಅವರಿಗೆ ಒಳ್ಳೆಯ ಉದ್ಯೋಗವಾಯಿತು. 1944ರಲ್ಲಿ ಮೆಕ್ಸಿಕೊದಿಂದ ಕರೆ ಬಂದಾಗ ಕಂಪೆನಿಯವರು ಸಂಬಳವನ್ನು ಎರಡರಷ್ಟು ಮಾಡುವುದಾಗಿ ಹೇಳಿದರು. ಅದನ್ನು ಒಪ್ಪದೆ, ಗರ್ಭಿಣಿಯಾದ ಪತ್ನಿಯನ್ನೂ ಹದಿನಾಲ್ಕು ತಿಂಗಳ ಮಗಳನ್ನೂ ಊರಿನಲ್ಲಿ ಬಿಟ್ಟು ಅವರು ಹೊರಟರು. ಅಲ್ಲಿ ಉಳುವುದಕ್ಕೆ ಸರಿಯಾದ ಉಪಕರಣವೂ ಇರಲಿಲ್ಲ. ಕೆಲವು ವೇಳೆ ನೇಗಿಲನ್ನು ತಾವೇ ಎಳೆದದ್ದುಂಟು. ಬಿಸಿಲಿನಲ್ಲಿ ಕುಳಿತು ಗೋದಿಯ ತೆನೆಯ ಒಂದೊಂದು ಹೂವನ್ನೂ ಚಿಮಟದಿಂದ ಬಿಡಿಸಿ ತಳಿಗಳನ್ನು ಕೂಡಿಸುವ ಕೆಲಸವನ್ನು ಸಾವಿರಾರು ಸಲ ಮಾಡಿದರು. ವರ್ಷಕ್ಕೆ ಎರಡು ಫಸಲನ್ನು ನೋಡುವುದಕ್ಕಾಗಿ ಉತ್ತರದ ಸೊನೋರಾ ಬಯಲಿನಲ್ಲೊಮ್ಮೆ, ದಕ್ಷಿಣದ ಟೊಲೂಕಾ ಎತ್ತರದ ಸೀಮೆಯಲ್ಲೊಮ್ಮೆ ಬಿತ್ತಿದರು. 1956ರ ವೇಳೆಗೆ ಮೆಕ್ಸಿಕೊ ದೇಶವು ತನಗೆ ಬೇಕಾದಷ್ಟು ಗೋದಿಯನ್ನು ತಾನೇ ಬೆಳೆಯುವಂತಾಯಿತು. 1970ರಲ್ಲಿ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕವು ಬಂದಿತು.

ಪೋಲೀಸ್ ಅಧಿಕಾರವನ್ನು ಒಲ್ಲದ ಸ್ವಾಮಿನಾಥನ್

ಆ ಗೋದಿಯನ್ನು ಭಾರತದ ಹೊಲಗಳಿಗೆ ತರಲು ಶ್ರಮಿಸಿದವರಲ್ಲಿ ಎಂ. ಎಸ್. ಸ್ವಾಮಿನಾಥನ್ ಅವರು ಮುಖ್ಯರು. ಇವರು 1925ರಲ್ಲಿ ಕುಂಭಕೋಣದಲ್ಲಿ ವೈದ್ಯರ ಮಗನಾಗಿ ಹುಟ್ಟಿದರು. ಮನೆಯವರ ಇಷ್ಟ, ತಂದೆಯಂತೆ ಮಗನೂ ವೈದ್ಯನಾಗಬೇಕೆಂಬುದು. ಆದರೆ 1943ರ ಬಂಗಾಳದ ಕ್ಷಾಮವು ಅವರ ಮನಸ್ಸನ್ನು ವ್ಯವಸಾಯದ ಕಡೆಗೆ ತಿರುಗಿಸಿತು. ಕೊಯಮತ್ತೂರಿನ ವ್ಯವಸಾಯ ಕಾಲೇಜಿನಲ್ಲಿಯೂ ಆಮೇಲೆ ದೆಹಲಿಯ ಸಂಶೋಧನಾಲಯದಲ್ಲಿಯೂ ಓದಿದರು. ಇಷ್ಟರಲ್ಲಿ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಭಾರತೀಯ ಪೋಲೀಸ್ ಸರ್ವೀಸಿಗೆ ಆಯ್ಕೆಯಾದರು. ಅಧಿಕಾರ, ಸಂಬಳ, ನಿವೃತ್ತಿವೇತನ ಎಲ್ಲವೂ ಒಟ್ಟಿಗೆ ಕೈಗೆ ಬಂದಂತಿತ್ತು. ಅದೇ ಕಾಲದಲ್ಲಿ ತಳಿಶಾಸ್ತ್ರವನ್ನು ಹಾಲೆಂಡಿನಲ್ಲಿ ಮುಂದುವರಿಸಲು ವಿದ್ಯಾರ್ಥಿವೇತನವೊಂದು ದೊರೆಯಿತು. ಅವರು ಅಧಿಕಾರವನ್ನು ಬಿಟ್ಟು ವಿದ್ಯಾರ್ಥಿವೇತನವನ್ನು ಹಿಡಿದು 1949ರಲ್ಲಿ ಹೊರಟರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿದ್ದಾಗ ಅಲ್ಲಿಯೇ ಅಧ್ಯಾಪಕರಾಗಿ ನಿಲ್ಲುವ ಅವಕಾಶವು ಬಂದರೂ, 1954ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು.

1963ರಲ್ಲಿ ಬೊರ್ಲಾಗ್ ಅವರು ಭಾರತಕ್ಕೆ ಬಂದರು. ಗಿಡ್ಡ ಗೋದಿಯನ್ನು ಮೊದಲು ರೈತರ ಹೊಲಗಳಲ್ಲಿಯೇ ಬೆಳೆದು ತೋರಿಸಲಾಯಿತು. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಬೀಜವನ್ನು ತರಿಸಲಾಯಿತು. 1965ರಲ್ಲಿ ಸುಮಾರು 1.2 ಕೋಟಿ ಟನ್ನುಗಳಿದ್ದ ದೇಶದ ಗೋದಿಯ ಉತ್ಪತ್ತಿಯು 1970ರಲ್ಲಿ ಸುಮಾರು 2 ಕೋಟಿ ಟನ್ನುಗಳಿಗೆ ಏರಿತು.

ಇದರಿಂದ ತಿಳಿಯತಕ್ಕುದು

ಈ ಚರಿತ್ರೆಯನ್ನು ಕೇಳಿದವರು, ಸಂಬಳವನ್ನು ಬಿಟ್ಟು ಮನಸ್ಸು ಎಳೆದ ಕಡೆಗೆ ಹೋದರೆ ಸಾಕು, ಎಲ್ಲವೂ ಕೈಗೂಡುವುದೆಂದು ತಿಳಿಯಬಾರದು. ಗೆದ್ದವರ ಚರಿತ್ರೆಯನ್ನು ಜನರು ಬರೆದಿಡುವರು. ಅದೇ ದಾರಿಯಲ್ಲಿ ಹೋಗಿ ಸೋತವರ ಹೆಸರನ್ನು ಯಾರೂ ಬರೆಯುವುದಿಲ್ಲ. ಆದುದರಿಂದ ಈ ಮೂವರು ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಎಂಬುದನ್ನು ಸೂಕ್ಷ್ಮವಾಗಿ ನೋಡಬೇಕು.

ಮೊದಲನೆಯದಾಗಿ, ಅವರಲ್ಲಿ ಯಾರೂ ಅನ್ನವನ್ನು ಬಿಡಲಿಲ್ಲ. ಅನ್ನಕ್ಕೆ ಮೇಲಾದುದನ್ನು ಬಿಟ್ಟರು. ಟಸ್ಕೀಗೀಯಲ್ಲಿಯೂ ಮೆಕ್ಸಿಕೊದಲ್ಲಿಯೂ ಗೊತ್ತಾದ ವೇತನವಿತ್ತು, ಹಾಲೆಂಡಿನಲ್ಲಿ ವಿದ್ಯಾರ್ಥಿವೇತನವಿತ್ತು. ಚಿತ್ರಕಲೆಯಿಂದ ಹೊಟ್ಟೆ ತುಂಬದೆಂದು ಕಂಡಾಗ ಕಾರ್ವರ್ ಅವರು ಪ್ರೀತಿಯ ವಿದ್ಯೆಯನ್ನೇ ಹಿಂದಕ್ಕಿಟ್ಟರು. ಹೊಟ್ಟೆಗೆ ಸಾಕಾದ ಮೇಲೆ ಹೆಚ್ಚಿನ ಅನುಕೂಲವನ್ನು ಹಿಂದಕ್ಕಿಟ್ಟರು. ಅವರ ಎರಡು ತೀರ್ಮಾನಗಳಿಗೂ ಅಳತೆಗೋಲು ಒಂದೇ.

ಎರಡನೆಯದಾಗಿ, ಅವರ ಪ್ರೀತಿಯು ಬೇಸರದ ಕೆಲಸದಲ್ಲಿಯೂ ಉಳಿಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಂಡ್ಯದಲ್ಲಿ ಬೆಳೆಯಿಸಿದ ಲಕ್ಷ್ಮಣಯ್ಯನವರ ಹೆಸರು ರಾಗಿ ಬೆಳೆಯುವವರಿಗೆ ತಿಳಿದದ್ದೇ. ರಾಗಿಯ ಹೂವು ಎಷ್ಟು ಸಣ್ಣದೆಂಬುದನ್ನು ಬಲ್ಲವರು, ಆ ಕೆಲಸಕ್ಕೆ ಎಂಥ ತಾಳ್ಮೆ ಬೇಕಾಯಿತೆಂಬುದನ್ನು ಊಹಿಸಬಲ್ಲರು.

ಮೂರನೆಯದಾಗಿ, ಒಬ್ಬನ ತೀರ್ಮಾನದ ಭಾರವನ್ನು ಇನ್ನೊಬ್ಬರೂ ಹೊರಬೇಕಾಗುವುದು. ಬೊರ್ಲಾಗ್ ಅವರ ಪತ್ನಿಯು ಹೊತ್ತ ಭಾರವನ್ನು ಮರೆತು ಅವರನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ಮನೆಯಲ್ಲಿ ಅನುಸರಿಸತಕ್ಕ ಕ್ರಮ

1. ಸಂಬಳದ ನಿಜವಾದ ಲೆಕ್ಕವನ್ನು ಬರೆಯತಕ್ಕದ್ದು. ಉದಾಹರಣೆಗೆ ಪಟ್ಟಣದಲ್ಲಿ ತಿಂಗಳಿಗೆ 30,000 ರೂಪಾಯಿ ಬರುವುದೆಂದು ಇಟ್ಟುಕೊಂಡರೆ, ಬಾಡಿಗೆಗೆ 9,000, ಊಟಕ್ಕೆ 7,000, ಬಸ್ಸಿಗೆ 3,000, ಬಟ್ಟೆ, ಔಷಧಿ, ಫೋನು ಮೊದಲಾದುವಕ್ಕೆ 4,000, ಊರಿಗೆ ಬಂದುಹೋಗುವುದಕ್ಕೆ 1,000 ಕಳೆದು ಉಳಿಯುವುದು 6,000, ವರ್ಷಕ್ಕೆ 72,000. ಹೋಲಿಸಬೇಕಾದುದು ಈ 72,000 ರೂಪಾಯಿಯನ್ನೇ ಹೊರತು 3,60,000 ರೂಪಾಯಿಯನ್ನಲ್ಲ.

2. ಭೂಮಿಯ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಬರೆಯತಕ್ಕದ್ದು. ಮನೆಯ ಬೀಜ, ಮನೆಯ ಗೊಬ್ಬರ, ಮನೆಯವರ ಕೂಲಿ, ಸಾಲದ ಬಡ್ಡಿ ಇವೆಲ್ಲವೂ ಖರ್ಚೇ. ಮಗನ ಊಟ ಬಟ್ಟೆಗಳ ವೆಚ್ಚವನ್ನು ಇಲ್ಲಿಯೂ ಕಳೆಯಬೇಕು. ಮಗನು ಊರಿನಲ್ಲಿ ಇಲ್ಲದಿದ್ದರೂ ಬರುತ್ತಿದ್ದ ಫಸಲನ್ನು ಮಗನ ದುಡಿಮೆಯೆಂದು ಬರೆಯಕೂಡದು. ಅವನಿಂದ ಹೆಚ್ಚಿದ ಭಾಗವನ್ನು ಮಾತ್ರ ಬರೆಯಬೇಕು. ಒಂದು ಒಳ್ಳೆಯ ವರ್ಷವನ್ನು ನೋಡಿ ಹಿಗ್ಗದೆ, ಮೂರು ವರ್ಷಗಳ ಸರಾಸರಿಯನ್ನೂ ಅವುಗಳಲ್ಲಿ ಅತಿ ಕೆಟ್ಟ ವರ್ಷವನ್ನೂ ನೋಡಬೇಕು.

3. ಒಲವನ್ನು ಹೊಲದಲ್ಲಿ ಪರೀಕ್ಷಿಸತಕ್ಕದ್ದು. ಹೊಸ ಬೀಜವನ್ನು ಇಡೀ ಹೊಲಕ್ಕೆ ಒಮ್ಮೆಲೇ ಬಿತ್ತುವ ರೈತನು ವಿವೇಕಿಯಲ್ಲ. ಒಂದು ತಾಕಿನಲ್ಲಿ ಬಿತ್ತಿ ನೋಡುವನು. ಅದರಂತೆ ಮಗನಿಗಾಗಲಿ ಮಗಳಿಗಾಗಲಿ ಒಂದು ಎಕರೆಯನ್ನೋ ಎರಡು ಹಸುಗಳನ್ನೋ ಎರಡು ವರ್ಷದ ಮಟ್ಟಿಗೆ ಪೂರ್ತಿಯಾಗಿ ವಹಿಸಿ, ಕಳೆ ಕೀಳುವುದರಿಂದ ಮಾರಾಟದವರೆಗೆ ಎಲ್ಲವನ್ನೂ ಅವರಿಂದಲೇ ಮಾಡಿಸಿ, ಲೆಕ್ಕದ ಪುಸ್ತಕವನ್ನು ಅವರ ಕೈಯಲ್ಲಿಯೇ ಇಡಿಸಬೇಕು. ಸಗಣಿಯನ್ನೂ ನಷ್ಟವನ್ನೂ ಕಂಡ ಮೇಲೆ ಉಳಿಯುವ ಒಲವೇ ನಿಜವಾದ ಒಲವು.

4. ಈ ಪರೀಕ್ಷೆಯ ಕಾಲದಲ್ಲಿ ಭೂಮಿಯನ್ನು ಒತ್ತೆಯಿಟ್ಟು ಸಾಲ ಮಾಡಕೂಡದು. ಕೈಯಲ್ಲಿರುವ ಸಂಬಳವನ್ನು ಬಿಡುವವರು ಒಂದು ವರ್ಷದ ಸಂಸಾರವೆಚ್ಚವನ್ನು ಬೇರೆ ತೆಗೆದಿಟ್ಟು ಬಿಡತಕ್ಕದ್ದು.

5. ಹೆಂಡತಿಯಾದಿಯಾಗಿ ಮನೆಯವರೆಲ್ಲರ ಒಪ್ಪಿಗೆಯನ್ನು ಕೇಳತಕ್ಕದ್ದು. ಹಾಲು ಕರೆಯುವವರು ಒಬ್ಬರು, ಹೈನಿನ ಮೇಲೆ ಆಸೆಪಟ್ಟವರು ಇನ್ನೊಬ್ಬರು ಎಂದಾಗಬಾರದು.

6. ಮಕ್ಕಳ ಒಲವು ಬೇಸಾಯದಲ್ಲಿ ಇಲ್ಲದಿದ್ದರೆ ಅವರನ್ನು ಭೂಮಿಗೆ ಕಟ್ಟಿಹಾಕಕೂಡದು. ಒಲ್ಲದ ಕೈಯಲ್ಲಿ ಹೊಲವೂ ಏಳುವುದಿಲ್ಲ, ಆಳೂ ಏಳುವುದಿಲ್ಲ. ಮನೆಯಲ್ಲಿ ಆಸಕ್ತಿಯುಳ್ಳ ಇನ್ನೊಬ್ಬರಿಗೆ ಆಡಳಿತವನ್ನು ವಹಿಸುವುದು, ಹೆಚ್ಚು ಆರೈಕೆ ಬೇಡದ ಮರಗಳನ್ನು ನೆಡುವುದು ಮೇಲು. ಸಂಬಳಕ್ಕೆ ಹೋದವರು ಸಹ ರಜಾದಿನಗಳಲ್ಲಿ ತಮ್ಮ ಒಲವಿನ ಕೆಲಸವನ್ನು ನಡೆಸಬಹುದೆಂಬುದಕ್ಕೆ ಕಾರ್ವರ್ ಅವರ ಚಿತ್ರಗಳೇ ಸಾಕ್ಷಿ.

ಗ್ರಾಮಮುಖ್ಯಸ್ಥರ ಕರ್ತವ್ಯ

ಕಡೆಯದಾಗಿ ಗ್ರಾಮದ ಮುಖ್ಯಸ್ಥರು ಯೋಚಿಸತಕ್ಕ ವಿಷಯವೊಂದುಂಟು. ಬೇಸಾಯದಲ್ಲಿ ನಿಂತ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವುದು ಅನೇಕ ಗ್ರಾಮಗಳಲ್ಲಿ ಕಂಡುಬರುವುದು. ಲೆಕ್ಕದಲ್ಲಿ ಭೂಮಿಯೇ ಮೇಲೆಂದು ಕಂಡರೂ, ಈ ಒಂದು ಕಾರಣದಿಂದ ಹುಡುಗರು ಒಲ್ಲದ ಸಂಬಳಕ್ಕೆ ಹೋಗುವರು. ಮದುವೆಯ ಮಾತಿನಲ್ಲಿ “ಎಷ್ಟು ಸಂಬಳ?” ಎಂದು ಕೇಳುವ ಹಿರಿಯರು “ಏನು ಉಳಿತಾಯ? ಏನು ಸಾಲ? ಎಂಥ ದುಡಿಮೆ?” ಎಂದು ಕೇಳುವುದನ್ನು ರೂಢಿ ಮಾಡಿದರೆ, ಗ್ರಾಮಕ್ಕೆ ದೊಡ್ಡ ಉಪಕಾರವಾಗುವುದು. ಹಾಗೆಯೇ ಪರೀಕ್ಷೆಯ ಎರಡು ವರ್ಷಗಳಲ್ಲಿ ಸೋತು ಪಟ್ಟಣಕ್ಕೆ ಹೋದವನನ್ನು ಹಾಸ್ಯಮಾಡಕೂಡದು, ಸಂಬಳವನ್ನು ಬಿಟ್ಟು ಊರಿಗೆ ಬಂದವನನ್ನು ಹೀನವಾಗಿ ನೋಡಕೂಡದು.

ಅನ್ನಕ್ಕೆ ಕೊರತೆಯಾಗುವ ಕಡೆ ಸಂಬಳವೇ ಮೊದಲು; ಅನ್ನವು ಸಾಕಾದ ಕಡೆ ಒಲವೇ ಮೊದಲು. ಇವೆರಡರ ನಡುವಿನ ಗೆರೆಯನ್ನು ಕಾಣುವುದಕ್ಕೆ ಒಂದು ಲೆಕ್ಕದ ಪುಸ್ತಕ, ಒಂದು ತಾಕು ಭೂಮಿ, ಎರಡು ವರ್ಷಗಳ ತಾಳ್ಮೆ ಇಷ್ಟು ಬೇಕು. ಇಷ್ಟನ್ನು ಮಕ್ಕಳಿಗೆ ಒದಗಿಸಿಕೊಡುವುದು ಹಿಡುವಳಿದಾರರ ಕೈಯಲ್ಲಿಯೇ ಇರುವುದು.